ಮುಂದಿನ ಸಾಲಿನಲ್ಲಿ ಕೂತ ಅಮ್ಮ

ನೃತ್ಯಸ್ಪರ್ಧೆಗಳು ಶುರುವಾದವೆಂದರೆ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಒಂದೇ ಬಗೆಯ ದೂರು ಬರತೊಡಗುತ್ತದೆ. "ಕ್ಲಾಸಿನಲ್ಲಿ ಎಷ್ಟು ಚೆನ್ನಾಗಿ ಮಾಡ್ತಾಳೆ ಗೊತ್ತಾ ಮೇಡಂ, ಸ್ಪರ್ಧೆ ದಿನ ಬೆಳಿಗ್ಗೆ ಮಾತ್ರ ಹೊಟ್ಟೆನೋವು ಅಂತಾಳೆ." ಅಂಥ ಪ್ರಕರಣಗಳಲ್ಲಿ ಒಂದನ್ನು, ತಾಯಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಹುಡುಗಿಗೆ ಹತ್ತು ವರ್ಷ. ವೈದ್ಯರು ನೋಡಿ ಹೊಟ್ಟೆಯಲ್ಲಿ ತೊಂದರೆಯಿಲ್ಲ ಎಂದಿದ್ದರು. ಕಳೆದ ಸ್ಪರ್ಧೆಯಲ್ಲಿ ಅರ್ಧಕ್ಕೇ ಸ್ಟೆಪ್ ಮರೆತು ನಿಂತುಬಿಟ್ಟಿದ್ದಳು. ತಾಯಿಯ ಸಿದ್ಧತೆಯಲ್ಲಂತೂ ಕೊರತೆಯೇ ಇರಲಿಲ್ಲ: ಇಸ್ತ್ರಿ ಮಾಡಿದ ಕಾಸ್ಟ್ಯೂಮ್, ಹೆಚ್ಚುವರಿ ಪಿನ್ನು, ಸೂಜಿ-ದಾರ, ಹಾಡಿನ ಇನ್ನೊಂದು ಪ್ರತಿ, ಎಲ್ಲದಕ್ಕೂ ಪಟ್ಟಿ. "ಇನ್ನೇನು ಮಾಡ್ಬೇಕಿತ್ತು ನಾನು?" ಎಂದು ಕೇಳುವಾಗ ಅವರ ದನಿ ನಡುಗುತ್ತಿತ್ತು. ಅದು ಪ್ರೀತಿಯಿಂದ ಬಂದ ಪ್ರಶ್ನೆ ಎಂಬ ಬಗ್ಗೆ ನನಗೆ ಸಂಶಯವೇ ಇಲ್ಲ.

ಮೂವರೂ ಕೂತಿದ್ದ ದಿನ ಹುಡುಗಿಗೆ, "ಸ್ಟೇಜ್ ಮೇಲೆ ಹೋದಾಗ ಏನಾಗುತ್ತೆ, ಮಾಡಿ ತೋರಿಸ್ತೀಯಾ ಪುಟ್ಟಾ?" ಎಂದೆ. ಎದ್ದು ನಾಲ್ಕು ಹೆಜ್ಜೆ ಹಾಕುತ್ತಾಳೆಂದುಕೊಂಡಿದ್ದೆ. ಅವಳು ಕುರ್ಚಿಯ ತುದಿಗೆ ಸರಿದು ಕೂತಳು. ಎರಡೂ ಕೈ ಬಿಗಿಹಿಡಿದು ಕತ್ತು ಮುಂದೆ ಚಾಚಿದಳು. ತುಟಿ ಸದ್ದಿಲ್ಲದೆ ಅಲ್ಲಾಡತೊಡಗಿತು, ಒಂದು ಎರಡು ಮೂರು ನಾಲ್ಕು. ನಡುವೆ ಒಮ್ಮೆ ಕಣ್ಣು ಗಟ್ಟಿಯಾಗಿ ಮುಚ್ಚಿ, ತಲೆ ಕೊಡವಿ, ಮತ್ತೆ ಎಣಿಸಿದಳು.

"ಇದು ಯಾರು?" ಎಂದೆ.

"ಅಮ್ಮ. ಫಸ್ಟ್ ರೋನಲ್ಲಿ ಕೂತಿರ್ತಾರಲ್ಲ. ಅವರು ಕಣ್ಣು ಮುಚ್ಚಿದ್ರೆ ನಾನೇನೋ ತಪ್ಪು ಮಾಡಿದೀನಿ ಅಂತ. ಏನು ತಪ್ಪು ಅಂತ ಯೋಚನೆ ಮಾಡ್ತಾ ಮುಂದಿನ ಸ್ಟೆಪ್ ಮರ್ತೋಗುತ್ತೆ ಆಂಟಿ."

ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ನಾನೂ ಆತುರ ಮಾಡಲಿಲ್ಲ. ಕೊನೆಗೆ ಅವರೇ, "ನಾನು ಎಣಿಸ್ತೀನಿ ಅಂತ ನನಗೇ ಗೊತ್ತಿರಲಿಲ್ಲ" ಎಂದರು.

ತೀರ್ಪುಗಾರರು ಅಂಕ ಕೊಟ್ಟು ಎದ್ದು ಹೋಗುತ್ತಾರೆ. ಆ ಹುಡುಗಿ ಮನೆಗೆ ಹೋಗುವುದು ಅಮ್ಮನ ಜೊತೆ. ಹಾಗಾಗಿ ಅವಳು ಕುಣಿಯುತ್ತಿದ್ದುದು ಯಾರ ಅಂಕಕ್ಕೆ ಎಂದು ನಾನು ವಿವರಿಸಬೇಕಾಗಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಪಟ್ಟಿ ಇರಲಿ, ಆದರೆ ಬ್ಯಾಗು ಹಿಂದಿನ ರಾತ್ರಿಯೇ ತುಂಬಿರಲಿ, ಮಗಳೇ ಒಂದೊಂದನ್ನೂ ನೋಡಿ ಗುರುತು ಹಾಕಲಿ. ಆಮೇಲೆ ನಿದ್ದೆ, ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9ರಿಂದ 12 ಗಂಟೆಯ ನಿದ್ದೆ ಬೇಕು, ಮೇಕಪ್ಪಿಗೆಂದು ಅದನ್ನು ಕತ್ತರಿಸಬಾರದು. ಬೆಳಿಗ್ಗೆಯಿಂದ ನೃತ್ಯದ ಬಗ್ಗೆ ಒಂದೇ ಒಂದು ತಿದ್ದುಪಡಿಯೂ ಬೇಡ. ಗ್ರೀನ್ ರೂಮಿನಲ್ಲಿ ತಿದ್ದುವುದಿದ್ದರೆ ಗುರುಗಳು ತಿದ್ದಲಿ. ಸಭಾಂಗಣದಲ್ಲಿ ಹಿಂದೆ, ಮುಖ ಕಾಣದಷ್ಟು ದೂರ ಕೂತುಕೊಳ್ಳಿ. ಮುಗಿದ ಮೇಲೆ ಮನೆಗೆ ಹೋಗುವ ದಾರಿಯಲ್ಲಿ ಸ್ಪರ್ಧೆಯ ಮಾತು ಅವಳೇ ಎತ್ತುವವರೆಗೆ ನೀವು ಎತ್ತಬೇಡಿ.

ತಿದ್ದುಪಡಿಯ ವಿಷಯದಲ್ಲಿ ತಂದೆ ಒಪ್ಪಲಿಲ್ಲ. "ತಪ್ಪು ಕಂಡರೂ ಸುಮ್ಮನಿರಬೇಕಾ?" ಎಂದು ಕೇಳಿದರು. ಆ ದಿನದ ಮಟ್ಟಿಗೆ ಹೌದು, ಮತ್ತು ಇದು ಬರೀ ಮನಸ್ಸು ನೋಯಿಸಬಾರದೆಂಬ ಮಾತಲ್ಲ. ನೋಡುವವರಿದ್ದಾಗ ಚೆನ್ನಾಗಿ ರೂಢಿಯಾದದ್ದು ಇನ್ನೂ ಚೆನ್ನಾಗಿ ಬರುತ್ತದೆ, ಹೊಸದಾಗಿ ಕಲಿಯುತ್ತಿರುವುದು ಕೆಡುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಝಯಾನ್ಸ್ 1965ರಲ್ಲಿ ವಾದಿಸಿದ್ದರು. ಬೆಳಿಗ್ಗೆ ತಿದ್ದಿದ ಕೈಚಲನೆ ಮಧ್ಯಾಹ್ನದ ಹೊತ್ತಿಗೆ ರೂಢಿಯಾಗಿರುವುದಿಲ್ಲ. ಅದು ಹಳೆಯದನ್ನೂ ಕಲಕಿಬಿಡುತ್ತದೆ.

ಇಂಥ ಮಗುವನ್ನು ಸ್ಪರ್ಧೆಯಿಂದಲೇ ಬಿಡಿಸಿ ಎನ್ನುವ ಸಲಹೆಗಾರರೂ ಇದ್ದಾರೆ. ನಾನು ಹಾಗೆ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಈ ಹುಡುಗಿಗೆ ನೃತ್ಯ ಇಷ್ಟ, ಸ್ಟೇಜೂ ಇಷ್ಟ. ನಾನು ಅವಳನ್ನು ಒಬ್ಬಳನ್ನೇ ಕೇಳಿ ಖಚಿತಪಡಿಸಿಕೊಂಡಿದ್ದೆ. ಹೊಟ್ಟೆನೋವಿನ ಕಾರಣಕ್ಕೆ ಬಿಡಿಸಿದರೆ ಹೆದರಿಕೆ ಬಂದಾಗ ಹಿಂದೆ ಸರಿಯಬೇಕು ಎಂಬುದನ್ನೇ ಅವಳು ಕಲಿಯುತ್ತಿದ್ದಳು. ಅಳುಕಾದಾಗ ದೇಹ ಹೊಟ್ಟೆಯ ಕಡೆಯ ರಕ್ತವನ್ನು ಕೈಕಾಲಿನ ಸ್ನಾಯುಗಳಿಗೆ ಹರಿಸುತ್ತದೆ, ಕುಣಿಯಲು ತಯಾರಾಗುವಾಗಲೂ ಹೊಟ್ಟೆ ಹಿಂಡಬಹುದು ಎಂದು ಹೇಳಿದೆ. ಅವಳಿಗೆ ಅದು ಹಿಡಿಸಿತು. "ಹಾಗಾದ್ರೆ ನೋವು ಸುಳ್ಳಲ್ಲ" ಎಂದಳು. ಅಲ್ಲವೇ ಅಲ್ಲ ಎಂದೆ.

ಮುಂದಿನ ಸ್ಪರ್ಧೆಯಲ್ಲಿ ಬಹುಮಾನ ಬರಲಿಲ್ಲ. ನಡುವೆ ಒಂದು ಸ್ಟೆಪ್ ತಪ್ಪಿತು, ಅವಳು ನಿಲ್ಲದೆ ಮುಂದುವರಿಸಿದಳು. ತಾಯಿಗೆ ದಾರಿಯುದ್ದಕ್ಕೂ ಸುಮ್ಮನಿರುವುದು ಬಹಳ ಕಷ್ಟವಾಯಿತಂತೆ. ಮನೆ ಹತ್ತಿರ ಬಂದಾಗ ಮಗಳೇ ಎಲ್ಲಿ ತಪ್ಪಿತು, ಹೇಗೆ ಸರಿಮಾಡಿಕೊಂಡೆ ಎಂದು ಹೇಳಿಕೊಂಡಳಂತೆ.

ಓದುತ್ತಿರುವ ತಂದೆತಾಯಂದಿರಿಗೆ ಇನ್ನೊಂದು ಮಾತು. ಹೊಟ್ಟೆನೋವು ಸ್ಪರ್ಧೆಯಿಲ್ಲದ ದಿನಗಳಲ್ಲೂ ಬರುತ್ತಿದ್ದರೆ, ನಿದ್ದೆ, ಊಟ, ಶಾಲೆ ಏರುಪೇರಾಗಿದ್ದರೆ, ಹಿಂದಿನ ಸಾಲಿಗೆ ಹೋಗಿ ಕೂರುವುದರಿಂದ ಅದು ಸರಿಹೋಗುವುದಿಲ್ಲ. ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ.