ಓದುಗರ ಪ್ರಶ್ನೆ: ದೇವರ ಮುಂದೂ ಬಾಯಿಗೆ ಬಾರದ ಮಾತು

ಪ್ರಶ್ನೆ: ಆನ್‌ಲೈನ್ ಬೆಟ್ಟಿಂಗ್‌ನಲ್ಲಿ ದುಡ್ಡು ಕಳೆದುಕೊಂಡು, ಹೆಂಡತಿಗೆ ತಿಳಿಯದ ಹಾಗೆ ಅವಳ ಸರ ಅಡ ಇಟ್ಟಿದ್ದೇನೆ. ಬ್ಯಾಂಕ್ ಲಾಕರ್‌ನಲ್ಲಿದೆ ಎಂದು ಸುಳ್ಳು ಹೇಳಿದ್ದೇನೆ. ಭಾನುವಾರ ಆರಾಧನೆಗೆ ಹೋದರೂ ಪ್ರಭು ಭೋಜನದ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ) ಹೊತ್ತಿಗೆ ಎದ್ದು ಹೊರಗೆ ಬರುತ್ತೇನೆ. ಪ್ರಾರ್ಥನೆಗೆ ಕೂತರೆ "ಪಾಪಿ ನಾನು, ಕ್ಷಮಿಸು" ಎಂಬುದರಾಚೆ ಮಾತು ಹೊರಡದು. ಈ ನಾಚಿಕೆಯನ್ನು ದೇವರ ಹತ್ತಿರ ಒಯ್ಯುವುದು ಹೇಗೆ?
– ಓದುಗರು, ಲಿಂಗರಾಜಪುರ

ಉತ್ತರ: ಸೋದರರೇ, ಯೇಸು ಹೇಳಿದ ಸಾಮತಿಯಲ್ಲಿ (ಲೂಕ 18) ದೇವಾಲಯದಲ್ಲಿ ನಿಂತು ಪ್ರಾರ್ಥಿಸಿದ ಸುಂಕದವನಿಗೆ ಆ ಒಂದೇ ಮಾತು ಸಾಕಾಯಿತು, ಏಕೆಂದರೆ ಅದರ ಹಿಂದೆ ಅವನು ಏನನ್ನೂ ಬಚ್ಚಿಟ್ಟಿರಲಿಲ್ಲ. ನಿಮ್ಮ ವಿಷಯದಲ್ಲಿ ಅದೇ ಮಾತಿನ ಮರೆಯಲ್ಲಿ ಸರ ಕೂತಿದೆ. ಸರದ ಹೆಸರೆತ್ತಿ ಹೇಳುವವರೆಗೆ ಎದೆಯ ಭಾರ ಇಳಿಯುವುದು ಕಷ್ಟ.

20 ನಿಮಿಷ ಒಂಟಿಯಾಗಿ ಕೂರಲು ಜಾಗ ಹುಡುಕಿ. ಬಾಡಿಗೆ ಮನೆಯಲ್ಲಿ ಅದಕ್ಕೆ ಅವಕಾಶವಿಲ್ಲದಿದ್ದರೆ ಮಹಡಿ ಮೇಲೆ ಹೋಗಿ. ಒಂದು ಹಾಳೆಯಲ್ಲಿ ನಾಲ್ಕೇ ಸಾಲು ಬರೆಯಿರಿ: ಎಷ್ಟು ದುಡ್ಡು ಹೋಯಿತು, ಯಾವಾಗಿನಿಂದ ಆಡುತ್ತಿದ್ದೀರಿ, ಸರ ಯಾವ ಗಿರವಿ ಅಂಗಡಿಯಲ್ಲಿದೆ, ಹೇಳಿದ ಸುಳ್ಳು ಯಾವುದು. "ನಾನು ಯಾವುದಕ್ಕೂ ಲಾಯಕ್ಕಿಲ್ಲದವನು" ಎಂಬ ಸಾಲು ನುಸುಳಿದರೆ ಹೊಡೆದು ಹಾಕಿ. ಅದು ತೀರ್ಪು, ತೀರ್ಪು ಕೊಡುವುದು ನಿಮ್ಮ ಕೆಲಸವಲ್ಲ. ಆಮೇಲೆ ಕೀರ್ತನೆ 32ರ 3ರಿಂದ 5ನೇ ವಚನವನ್ನು ನಿಧಾನವಾಗಿ, ನಿಮ್ಮ ಕಿವಿಗೆ ಕೇಳುವಷ್ಟು ಗಟ್ಟಿಯಾಗಿ ಓದಿ. ಪಾಪವನ್ನು ಅರಿಕೆ ಮಾಡದೆ ಸುಮ್ಮನಿದ್ದಷ್ಟು ದಿನ ಎಲುಬುಗಳೇ ಸವೆದುಹೋದವು ಎನ್ನುವ ದಾವೀದ, ಬಿಚ್ಚಿ ಹೇಳಿದ ಮೇಲೆ ಕ್ಷಮೆ ಸಿಕ್ಕಿದ್ದನ್ನು ಅಲ್ಲಿ ಹೇಳುತ್ತಾನೆ. ಅದರ ಬೆನ್ನಿಗೇ ನಿಮ್ಮ ನಾಲ್ಕು ಸಾಲನ್ನೂ ಓದಿ. ಕೊನೆಗೆ 1 ಯೋಹಾನ 1:9 ಓದಿ ಅಲ್ಲಿಗೆ ನಿಲ್ಲಿಸಿ. ಹಾಳೆ ಹರಿದು ಹಾಕಿ.

ಹೆಚ್ಚಿನವರು ಎಡವುವುದು ಈ ಹಂತದಲ್ಲಿ. ಮಾರನೆಯ ರಾತ್ರಿ ನಾಚಿಕೆ ಮತ್ತೆ ಉಕ್ಕಿ ಬಂತೆಂದರೆ ಕ್ಷಮೆ ಸಿಗಲಿಲ್ಲವೆಂದುಕೊಂಡು, ಅದೇ ಪಾಪವನ್ನು ಮೊದಲಿನಿಂದ ಅರಿಕೆ ಮಾಡತೊಡಗುತ್ತಾರೆ. ನಾಚಿಕೆ ಇಳಿಯಲು ಸಮಯ ಬೇಕು, ಕ್ಷಮೆ ಅದಕ್ಕಾಗಿ ಕಾಯುವುದಿಲ್ಲ. ಅಂಥ ರಾತ್ರಿ ಕ್ಷಮೆ ಬೇಡಬೇಡಿ, ಸಿಕ್ಕ ಕ್ಷಮೆಗೆ ಸ್ತೋತ್ರ ಹೇಳಿ ಮಲಗಿ. ಇನ್ನು ಕೆಲವರು ಚೌಕಾಸಿಗೆ ಇಳಿಯುತ್ತಾರೆ: ಇಷ್ಟು ದಿನ ಉಪವಾಸ, ಇಷ್ಟು ಕಾಣಿಕೆ, ಅದಕ್ಕೆ ಬದಲು ಕ್ಷಮೆ. ಲೂಕ 15ರಲ್ಲಿ ತಪ್ಪಿಹೋದ ಮಗ ಮನೆಗೆ ಹೊರಡುವ ಮುಂಚೆ ಅಪ್ಪನಿಗೆ ಹೇಳಬೇಕಾದ ಮಾತನ್ನು ಸಿದ್ಧಮಾಡಿಕೊಳ್ಳುತ್ತಾನೆ. 19ನೇ ವಚನದಲ್ಲಿ ಅದು ಮುಗಿಯುವುದು "ನನ್ನನ್ನು ಕೂಲಿಯಾಳಿನ ಹಾಗೆ ಇಟ್ಟುಕೋ" ಎಂಬ ಬೇಡಿಕೆಯಲ್ಲಿ. 21ನೇ ವಚನದಲ್ಲಿ ಅಪ್ಪನ ಎದುರು ನಿಂತಾಗ ತಪ್ಪೊಪ್ಪಿಗೆಯಷ್ಟೇ ಬರುತ್ತದೆ, ಕೂಲಿಯ ಮಾತು ಬರುವುದೇ ಇಲ್ಲ. ಅಷ್ಟರಲ್ಲಿ ಅಪ್ಪ ಆಳುಗಳಿಗೆ ಅಂಗಿ, ಉಂಗುರ, ಜೋಡು ತರಲು ಹೇಳುತ್ತಿದ್ದಾನೆ. ಆ ಎರಡು ವಚನಗಳನ್ನು ಒಂದರ ಪಕ್ಕ ಒಂದಿಟ್ಟು ದಯವಿಟ್ಟು ಓದಿ ನೋಡಿ.

ದೇವರಿಗೆ ಹೇಳಿಯಾಯಿತೆಂದು ಹೆಂಡತಿಗೆ ಹೇಳದೆ ಉಳಿಯುವಂತಿಲ್ಲ. ಸುಂಕ ವಸೂಲಿಯವನಾಗಿದ್ದ ಜಕ್ಕಾಯ (ಲೂಕ 19:8) ವಂಚಿಸಿದ್ದರ ನಾಲ್ಕರಷ್ಟು ತಿರುಗಿ ಕೊಡುತ್ತೇನೆಂದ. ನೀವು ಒಂದು ವಾರದೊಳಗೆ ಗಿರವಿ ರಸೀದಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮಾತಿಗೆ ಕೂರಿ. ಅಸಲೆಷ್ಟು, ಬಡ್ಡಿಯೆಷ್ಟು, ಬಿಡಿಸಿಕೊಳ್ಳಲು ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ, ಎಲ್ಲ ಒಂದೇ ಸಲಕ್ಕೆ ಹೇಳಿ. ಸ್ವಲ್ಪ ಸ್ವಲ್ಪವಾಗಿ ಹೊರಬಂದ ಸತ್ಯ ಪ್ರತಿಸಲವೂ ಹೊಸ ಮೋಸವಾಗಿ ಚುಚ್ಚುತ್ತದೆ. ಆ್ಯಪ್ ತೆಗೆದರೂ ಕೈ ಮತ್ತೆ ಅತ್ತಲೇ ಹೋಗುತ್ತಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನಮುಕ್ತಿ ಚಿಕಿತ್ಸೆ ಇದೆ. ಅಲ್ಲಿಗೆ ಹೋಗುವುದು ವಿಶ್ವಾಸದ ಕೊರತೆ ಅಲ್ಲ.

ಪ್ರಭು ಭೋಜನದ ಬಗ್ಗೆ: 1 ಕೊರಿಂಥ 11:28 ತನ್ನನ್ನು ಪರೀಕ್ಷಿಸಿಕೊಂಡು, ಆಮೇಲೆ ರೊಟ್ಟಿಯನ್ನು ತಿನ್ನಲಿ ಎನ್ನುತ್ತದೆ, ಎದ್ದು ಹೋಗಲಿ ಎನ್ನುವುದಿಲ್ಲ. ಹೆಂಡತಿಗೆ ಹೇಳಿದ ಮೇಲೆ ಸಭಾಪಾಲಕರನ್ನು ವಾರದ ದಿನ ಒಬ್ಬರೇ ಭೇಟಿಯಾಗಿ. ಆ ಭಾನುವಾರ ಪಾಪದ ಅರಿಕೆಗೆ ಮುಂಚಿನ ಮೌನದಲ್ಲಿ ನಾಲ್ಕು ಸಾಲನ್ನು ನೆನೆದು, ಮೇಜಿನ ಹತ್ತಿರ ಹೋಗಿ.

ಪ್ರಶ್ನೆ: ಚರ್ಚಿನಲ್ಲಿ ಗುರುಗಳ ಮುಂದೆ ಪಾಪ ಒಪ್ಪಿಕೊಂಡು ಪಾಪನಿವೇದನೆ ಮಾಡಿ ವರ್ಷಗಳಾದವು. ನಮ್ಮ ಧರ್ಮಕೇಂದ್ರದ ಗುರುಗಳಿಗೆ ನನ್ನ ದನಿ ಗೊತ್ತು, ನಮ್ಮ ಮನೆಗೂ ಬರುತ್ತಾರೆ. ಅವರ ಹತ್ತಿರ ಹೇಗೆ ಹೇಳಲಿ?
– ಗೃಹಿಣಿ, ವಿವೇಕನಗರ

ಉತ್ತರ: ಅವರ ಹತ್ತಿರವೇ ಹೇಳಬೇಕೆಂಬ ನಿಯಮವಿಲ್ಲಮ್ಮ. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಂಥ ಕಡೆ ಯಾರೂ ನಿಮ್ಮನ್ನು ಗುರುತಿಸುವುದಿಲ್ಲ. ಮುಂಚೆ ಹೋಗಿ ಕನ್ನಡದಲ್ಲಿ ಪಾಪನಿವೇದನೆ ಕೇಳುವ ವೇಳೆ ವಿಚಾರಿಸಿ. ಸೆಪ್ಟೆಂಬರ್ 8ರ ಹಬ್ಬದ ನೊವೆನಾ (ಒಂಬತ್ತು ದಿನದ ಪ್ರಾರ್ಥನೆ) ದಿನಗಳನ್ನೂ ಈಸ್ಟರ್‌ಗೆ ಮುಂಚಿನ ಪವಿತ್ರ ವಾರವನ್ನೂ ಬಿಟ್ಟುಬಿಡಿ, ಸಾಲು ಉದ್ದವಿದ್ದರೆ ಅವಸರದಲ್ಲಿ ಅರ್ಧ ನುಂಗಿಹೋಗುತ್ತದೆ. ಜಾಲರಿಯ ಹಿಂದೆ ಮಂಡಿಯೂರುವ ಹಕ್ಕು ನಿಮಗಿದೆ, ಮುಖ ತೋರಿಸಲೇಬೇಕೆಂದಿಲ್ಲ. ಕೇಳಿದ್ದನ್ನು ಗುರುಗಳು ಯಾರಿಗೂ, ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. ಬೇಕೆಂದೇ ಗುಟ್ಟು ಮುರಿದ ಗುರುವಿಗೆ ಧರ್ಮಸಭೆಯ ಕಾನೂನಿನಲ್ಲಿ ಬಹಿಷ್ಕಾರವೇ ಶಿಕ್ಷೆ.

ಶಿಲುಬೆಯ ಗುರುತು ಹಾಕಿ, ಎಷ್ಟು ವರ್ಷವಾಯಿತೆಂದು ಮೊದಲು ಹೇಳಿ. ಯಾವುದು ಹೇಳಲು ಅತಿ ಕಷ್ಟವೋ ಅದನ್ನೇ ಮೊದಲಿಗೆ ಹೇಳಿಬಿಡಿ. ಕೊನೆಗೆಂದು ಇಟ್ಟುಕೊಂಡದ್ದು ಒಳಗೇ ಉಳಿದುಹೋಗುತ್ತದೆ. ಯಾವ ಪಾಪ, ಸುಮಾರು ಎಷ್ಟು ಸಲ, ಇಷ್ಟು ಸಾಕು. ಕಥೆ ಬೇಡ, ಬೇರೆಯವರ ಹೆಸರೂ ಬೇಡ. ಮಾತು ಹೊರಡದಿದ್ದರೆ "ಗುರುಗಳೇ, ಒಂದು ವಿಷಯ ಹೇಳಲು ನಾಚಿಕೆ, ನೀವೇ ಕೇಳಿ" ಎನ್ನಿ, ಅವರು ನೆರವಾಗುತ್ತಾರೆ. ಮರೆತ ಪಾಪ ಕ್ಷಮೆಯೊಳಗೆ ಸೇರಿರುತ್ತದೆ, ಆಮೇಲೆ ನೆನಪಾದರೆ ಮುಂದಿನ ಸಲ ಹೇಳಿ. ಬೇಕೆಂದೇ ಬಚ್ಚಿಟ್ಟ ಘೋರ ಪಾಪ ಮಾತ್ರ ಇಡೀ ನಿವೇದನೆಯನ್ನೇ ಕೆಡಿಸುತ್ತದೆ.

ಪ್ರಶ್ನೆ: ಚಿಕ್ಕವಳಿದ್ದಾಗ ಹತ್ತಿರದ ನೆಂಟರೊಬ್ಬರು ನನ್ನ ಮೇಲೆ ಕೈ ಮಾಡಿ ಕೆಡಿಸಿದರು. ಇವತ್ತಿಗೂ ಮೈಯೆಲ್ಲ ನಾಚಿಕೆ. ಪಶ್ಚಾತ್ತಾಪಪಟ್ಟು ಎಲ್ಲರ ಮುಂದೆ ಸಾಕ್ಷಿ ಹೇಳಿದರೆ ಬಿಡುಗಡೆ ಎಂದು ಪ್ರಾರ್ಥನಾ ಕೂಟದಲ್ಲಿ ಹೇಳಿದರು.
– ಓದುಗರು, ಕೆಂಗೇರಿ

ಉತ್ತರ: ತಂಗಿ, ನೀವು ಪಶ್ಚಾತ್ತಾಪ ಪಡುವಂಥದ್ದು ಇದರಲ್ಲಿ ಏನೂ ಇಲ್ಲ, ಒಂದು ಎಳೆಯಷ್ಟೂ ಇಲ್ಲ. ಪಾಪ ಆತನದು. ಕೂಟದಲ್ಲಿ ಹೇಳಬೇಡಿ, ಅಲ್ಲಿ ಹೇಳಿದ್ದು ಬೀದಿಗೆ ಹೋಗಲು ಹೊತ್ತು ಬೇಕಿಲ್ಲ. 2 ಸಮುವೇಲ 13ರಲ್ಲಿ, ಮಲಸಹೋದರನಿಂದಲೇ ಕೆಡಿಸಲ್ಪಟ್ಟ ದಾವೀದನ ಮಗಳು ತಾಮಾರಳು ಈ ಅವಮಾನವನ್ನು ಹೊತ್ತು ಎಲ್ಲಿಗೆ ಹೋಗಲಿ ಎಂದು ಕೇಳುತ್ತಾಳೆ. ಸತ್ಯವೇದ ಆ ಪ್ರಶ್ನೆಯನ್ನು ಮುಚ್ಚಿಡದೆ, ಅವಳನ್ನು ದೂರದೆ ಬರೆದಿಟ್ಟಿದೆ. ನೀವೂ ಅದನ್ನೇ ದೇವರಿಗೆ ಕೇಳಿ. ಕೀರ್ತನೆ 88 ಓದಿ, ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಪ್ರಾರ್ಥನೆಯೇ. ಸಿಟ್ಟು ಬಂದರೆ ಸಿಟ್ಟಿನಲ್ಲೇ ಪ್ರಾರ್ಥಿಸಿ. ಆತನನ್ನು ಈಗಲೇ ಕ್ಷಮಿಸು ಎಂದು ಯಾರಾದರೂ ಒತ್ತಾಯಿಸಿದರೆ ಎದ್ದು ಬನ್ನಿ.

ನೀವು ನಂಬುವ ಒಬ್ಬ ಹೆಂಗಸಿಗೆ ಹೇಳಿ, ಜೊತೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ನೆಂಟರ ಮನೆಯಲ್ಲಿ ಅಥವಾ ಅವರು ಬಂದುಹೋಗುವಲ್ಲಿ ಈಗ ಮಕ್ಕಳಿದ್ದರೆ, ತಡಮಾಡದೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ.