ತಾಟು, ಟವೆಲ್ ಬೇರೆ ಇಡಬೇಕಾಗಿಲ್ಲ

ಜಮಖಂಡಿಯ ಅಕ್ಕಾರೇ, ನಿಮ್ಮ ನಾದಿನಿಗೆ ಎಚ್‌ಪಿವಿ (ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಕಾರಣವಾಗಬಲ್ಲ ವೈರಸ್) ಪಾಸಿಟಿವ್ ಬಂದಿದೆ, ಮನೆಯವರು ಅವರ ತಾಟು, ಟವೆಲ್ ಬೇರೆ ಇಟ್ಟಿದ್ದಾರೆ, ಮಕ್ಕಳಿಗೂ ಹರಡುತ್ತದೆಯೇ ಎಂದು ಕೇಳಿದ್ದೀರಿ. ದಯವಿಟ್ಟು ಇವತ್ತೇ ಅವರನ್ನು ಎಲ್ಲರ ಜೊತೆ ಊಟಕ್ಕೆ ಕೂರಿಸಿಕೊಳ್ಳಿ. ಒಂದೇ ತಾಟಿನಲ್ಲಿ ರೊಟ್ಟಿ ತಿಂದರೆ ಈ ವೈರಸ್ ಬರುವುದಿಲ್ಲ. ಇದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಕ್ಯಾನ್ಸರ್ ಅಂತೂ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೇ ಅಲ್ಲ.

ಹಾಗಂತ ಅವರ ಮೇಲೋ ಗಂಡನ ಮೇಲೋ ಅನುಮಾನ ಬೇಡ. ಈ ವೈರಸ್ ವರ್ಷಗಟ್ಟಲೆ ಸುಮ್ನೆ ಇರಬಹುದು. ಯಾವಾಗ ಬಂತು ಎಂದು ಯಾವ ಟೆಸ್ಟೂ ಹೇಳುವುದಿಲ್ಲ.

ಪಾಸಿಟಿವ್ ಅಂದರೆ ಕ್ಯಾನ್ಸರ್ ಅಲ್ಲ. ಬಹಳಷ್ಟು ಜನರಲ್ಲಿ 1-2 ವರ್ಷದಲ್ಲಿ ದೇಹವೇ ವೈರಸ್ಸನ್ನು ಹೊರಹಾಕುತ್ತದೆ. ಹೋಗದೆ ಉಳಿದುಕೊಂಡರೇ ತೊಂದರೆ. ಅದರಲ್ಲೂ ಈ ವೈರಸ್ಸಿನ 16 ಮತ್ತು 18ನೇ ಬಗೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಸುಮಾರು 70 ಇವೆರಡರಿಂದಲೇ ಬರುತ್ತವೆ. ಆಗಲೂ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಹಿಡಿಯುತ್ತದೆ.

ರಿಪೋರ್ಟ್‌ನಲ್ಲಿ ಯಾವ ಬಗೆ ಎಂದು ಬರೆದಿದೆಯಾ ನೋಡಿ. ಬಾಗಲಕೋಟೆ ಜಿಲ್ಲಾ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳ ಡಾಕ್ಟರಿಗೆ ತೋರಿಸಿ, ಕಾಲ್ಪೊಸ್ಕೋಪಿ ಬೇಕಾ ಎಂದು ಕೇಳಿ. ಅಂದರೆ ಆ ಜಾಗವನ್ನು ದೊಡ್ಡದಾಗಿ ಕಾಣುವಂತೆ ನೋಡುವುದು. ಕ್ಯಾನ್ಸರ್‌ಗೆ ತಿರುಗುವ ಮೊದಲೇ ಕೆಟ್ಟ ಭಾಗ ಸಿಕ್ಕರೆ, ಸಾಮಾನ್ಯವಾಗಿ ಅಷ್ಟನ್ನೇ ತೆಗೆದರೆ ಸಾಕು. ಹೆದರಿ ಗರ್ಭಕೋಶವನ್ನೇ ತೆಗೆಸಲು ಓಡಬೇಡಿ, ಅಕ್ಕಾ. ಆದರೆ ತೋರಿಸದೆ ಸುಮ್ನೆ ಕೂರಲೂ ಬೇಡಿ. ನಮ್ಮ ಚಿಗವ್ವ ನಾಚಿಕೆಯಿಂದ ರಕ್ತ ಹೋಗುವುದನ್ನು ಮುಚ್ಚಿಟ್ಟಿದ್ದಳು. ವಿಜಯಪುರಕ್ಕೆ ಕರೆದುಕೊಂಡು ಹೋಗುವಷ್ಟರಲ್ಲಿ ತಡವಾಗಿತ್ತು.

ಮನೆಯಲ್ಲಿ 9ರಿಂದ 14 ವರ್ಷದ ಹುಡುಗಿಯರಿದ್ದರೆ ಅದೇ ಡಾಕ್ಟರ ಹತ್ತಿರ ಈ ವೈರಸ್ ತಡೆಯುವ ಲಸಿಕೆಯ ವಿಷಯವನ್ನೂ ಮಾತಾಡಿ ಬನ್ನಿ.