ಟವರ್‌ವರೆಗೆ ಮಾತ್ರ ಬೀಗ

ಪ್ರಿಯ ಓದುಗರೇ,

ಫೋನ್ ಮಾತು, ಎಸ್ಸೆಮ್ಮೆಸ್ ಎಲ್ಲ ಗೂಢಲಿಪಿಯಲ್ಲೇ ಹೋಗುತ್ತದೆ ಅಂತಾರೆ, ಹಾಗಿದ್ದರೆ ಒಟಿಪಿ ಕಳ್ಳರ ಕೈಗೆ ಸಿಗುವುದು ಹೇಗೆ ಅಂತ ಬರೆದಿದ್ದೀರಿ. ಕೇಳಲೇಬೇಕಾದ ಪ್ರಶ್ನೆ. ಆ ಗೂಢಲಿಪಿ ಕಾಯುವುದು ನಿಮ್ಮ ಫೋನಿಗೂ ಟವರ್‌ಗೂ ನಡುವೆ, ಗಾಳಿಯಲ್ಲಿ ಹೋಗುವ ದಾರಿಯನ್ನು ಮಾತ್ರ. ಅಲ್ಲಿಂದಾಚೆ ಫೋನ್ ಕಂಪನಿಯ ಯಂತ್ರಗಳಿಗೆ ನಿಮ್ಮ ಎಸ್ಸೆಮ್ಮೆಸ್ ಅಂಟು ಹಾಕದ ಲಕೋಟೆ ಇದ್ದ ಹಾಗೆ.

ಗಾಳಿಯ ಆ ಬೀಗವೂ 2ಜಿಯಲ್ಲಿ ಗಟ್ಟಿ ಇಲ್ಲ. ಅದರ ಎ5/1 ಗೂಢಲಿಪಿಯನ್ನು ಅಗ್ಗದ ಸಲಕರಣೆಯಿಂದಲೇ ಒಡೆಯಬಹುದು ಅಂತ ಜರ್ಮನಿಯ ಭದ್ರತಾ ಸಂಶೋಧಕ ಕಾರ್ಸ್ಟನ್ ನೋಲ್ 2009ರಲ್ಲೇ ತೋರಿಸಿದರು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. 2ಜಿಯಲ್ಲಿ ನೆಟ್‌ವರ್ಕ್ ಫೋನಿನ ಗುರುತು ಕೇಳುತ್ತದೆ, ಫೋನ್ ನೆಟ್‌ವರ್ಕಿನ ಗುರುತು ಕೇಳುವುದೇ ಇಲ್ಲ. ಹಾಗಾಗಿ ಯಾರೋ ಒಬ್ಬ ಚಿಕ್ಕ ಪೆಟ್ಟಿಗೆ ಇಟ್ಟುಕೊಂಡು "ನಾನೇ ಟವರ್" ಅಂದರೆ ಫೋನ್ ಸುಮ್ನೆ ನಂಬುತ್ತದೆ, ಆಮೇಲೆ ಆ ಕಳ್ಳ ಟವರ್ "ಗೂಢಲಿಪಿ ಬೇಡ" ಅಂದರೆ ಅದಕ್ಕೂ ತಲೆಯಾಡಿಸುತ್ತದೆ. 3ಜಿಯಿಂದ ಎರಡೂ ಕಡೆಯ ಪರೀಕ್ಷೆ ಬಂತು, ನಿಜ. ಆದರೆ ಫೋನನ್ನು ಹೇಗಾದರೂ 2ಜಿಗೆ ಇಳಿಸಿಬಿಟ್ಟರೆ ಮತ್ತೆ ಅದೇ ಕಥೆ. ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ 2ಜಿ ಆಫ್ ಮಾಡುವ ಅವಕಾಶವಿದ್ದರೆ ಇವತ್ತೇ ಮಾಡಿ.

ಇನ್ನು ಒಳಗಿನದು. ಕಂಪನಿಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಎಸ್‌ಎಸ್7 ವ್ಯವಸ್ಥೆ ಹುಟ್ಟಿದ್ದು 1970ರ ದಶಕದಲ್ಲಿ. ಆಗ ಇದ್ದವರು ಕೆಲವೇ ಕಂಪನಿಗಳು, ನಂಬಿಕೆಯ ಮೇಲೆ ಕೆಲಸ ನಡೆಯುತ್ತಿತ್ತು. ಇವತ್ತು "ಈ ನಂಬರ್ ನಮ್ಮಲ್ಲಿದೆ, ಇದರ ಮೆಸೇಜ್ ಇತ್ತ ಕಳಿಸಿ" ಅಂತ ಒಳಗೆ ನುಸುಳಿದವರು ಹೇಳಿದರೆ, ತಡೆ ಹಾಕಿಲ್ಲದ ಕಡೆ ಮೆಸೇಜ್ ಅತ್ತಲೇ ಹೋಗುತ್ತದೆ. 2017ರಲ್ಲಿ ಜರ್ಮನಿಯಲ್ಲಿ ನಡೆದದ್ದು ಇದೇ. ಕಳ್ಳರು ಮೊದಲು ಜನರ ಬ್ಯಾಂಕ್ ಪಾಸ್‌ವರ್ಡ್ ಕದ್ದರು, ಆಮೇಲೆ ಎಸ್‌ಎಸ್7 ಮೂಲಕ ಅವರ ಎಸ್ಸೆಮ್ಮೆಸ್ ತಿರುಗಿಸಿಕೊಂಡು ಖಾತೆ ಖಾಲಿ ಮಾಡಿದರು. ಹಣ ಕಳಕೊಂಡವರ ಫೋನನ್ನು ಯಾರೂ ಮುಟ್ಟಿರಲಿಲ್ಲ.

ಜಾಸ್ತಿ ಕಳ್ಳರಿಗೆ ಇಷ್ಟು ಕಷ್ಟವೂ ಬೇಕಿಲ್ಲ. ಕಂಪನಿಗೆ ಫೋನ್ ಮಾಡಿ ನಿಮ್ಮ ಹೆಸರು ಹೇಳಿ "ಸಿಮ್ ಕಳೆದಿದೆ" ಅಂದರೆ ಸಾಕು, ಅಲ್ಲಿ ಕೂತವರು ಸರಿಯಾಗಿ ವಿಚಾರಿಸದಿದ್ದರೆ ನಿಮ್ಮ ನಂಬರ್ ಅವರ ಸಿಮ್‌ಗೆ ಹೋಯಿತು. 2019ರಲ್ಲಿ ಟ್ವಿಟರ್‌ನ ಆಗಿನ ಮುಖ್ಯಸ್ಥ ಜಾಕ್ ಡಾರ್ಸಿಯವರ ನಂಬರನ್ನೇ ವಶ ಮಾಡಿಕೊಂಡು ಅವರ ಹೆಸರಲ್ಲಿ ಟ್ವೀಟ್ ಹಾಕಿದ್ದರು! ಎಲ್ಲರಿಗೂ ಸಿಗ್ನಲ್ ಇದ್ದು ನಿಮ್ಮ ಫೋನಿಗೆ ಮಾತ್ರ ಇದ್ದಕ್ಕಿದ್ದಂತೆ ಹೋದರೆ ಕಾಯಬೇಡಿ, ಬೇರೆ ಫೋನಿನಿಂದ ಕಂಪನಿಗೂ ಬ್ಯಾಂಕಿಗೂ ಕೂಡಲೇ ತಿಳಿಸಿ.

ನನಗೆ ಸಿಟ್ಟು ಬರುವುದು ಇದಕ್ಕೆ. ಇಷ್ಟೆಲ್ಲ ಗೊತ್ತಿದ್ದೂ ಎಷ್ಟೋ ಬ್ಯಾಂಕುಗಳು ಎಸ್ಸೆಮ್ಮೆಸ್ ಒಟಿಪಿ ಬಿಟ್ಟು ಬೇರೇನೂ ಕೊಡುವುದಿಲ್ಲ. ನಂಬರ್ ನಿಮ್ಮ ಹೆಸರಲ್ಲಿದೆ ಅಂದ ಮಾತ್ರಕ್ಕೆ ಆ ಕಡೆ ಇರುವುದು ನೀವೇ ಅಂತ ಹೇಗೆ ಹೇಳುತ್ತೀರಿ, ಅಲ್ವಾ? ಒಟಿಪಿಯನ್ನು ಫೋನಿನೊಳಗೇ ತಯಾರಿಸುವ ಅಥೆಂಟಿಕೇಟರ್ ಆ್ಯಪ್‌ಗಳಿವೆ, ಲಾಗಿನ್ ಆಗುವಾಗ ನೀವೇ ಅಂತ ತೋರಿಸಲು ಕೈಯಲ್ಲಿ ಹಿಡಿಯುವ ಸೆಕ್ಯುರಿಟಿ ಕೀ ಅನ್ನುವ ಪುಟ್ಟ ಸಾಧನ ಇದೆ. ಮೊದಲು ನಿಮ್ಮ ಇಮೇಲ್‌ಗೆ ಇವುಗಳಲ್ಲೊಂದನ್ನು ಹಾಕಿಕೊಳ್ಳಿ, ಯಾಕೆಂದರೆ ಉಳಿದ ಪಾಸ್‌ವರ್ಡ್‌ಗಳನ್ನೆಲ್ಲ ಬದಲಾಯಿಸುವ ದಾರಿ ಅದೇ. ಆಮೇಲೆ ಬ್ಯಾಂಕಿಗೆ ಒಂದು ಪತ್ರ ಬರೆದು, ಎಸ್ಸೆಮ್ಮೆಸ್ ಬಿಟ್ಟು ಬೇರೆ ದಾರಿ ಯಾವಾಗ ಕೊಡುತ್ತೀರಿ ಅಂತ ಕೇಳಿ. ಉತ್ತರ ಬಂದರೆ ನಮಗೂ ಕಳಿಸಿ, ಪ್ರಕಟಿಸುತ್ತೇವೆ.

ಸಂಪಾದಕ